ಶಸ್ತ್ರಕ್ರಿಯೆಯ ಮೇಜಿನ ಮೇಲಣ ಉಪಕರಣಗಳು

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಡೆಯಲ್ಲಿ ಕತ್ತಿಯ ಪರಿಚಯವಿಲ್ಲದ ಮನೆಯೇ ಇಲ್ಲವೆನ್ನಬಹುದು. ಗೊನೆ ಕೊಯ್ಯುವುದಕ್ಕೆ ಒಂದು, ಸೊಪ್ಪು ಕಡಿಯುವುದಕ್ಕೆ ಒಂದು, ಹುಲ್ಲಿಗೆ ಇನ್ನೊಂದು, ಅಡಿಕೆ ಸುಲಿಯುವುದಕ್ಕೆ ಬೇರೊಂದು, ತರಕಾರಿಗೆ ಮೆಟ್ಟುಕತ್ತಿ, ರಬ್ಬರು ಮರದ ತೊಗಟೆಯನ್ನು ಗೀರುವುದಕ್ಕೆ ತುದಿ ಮಡಿಸಿದ ಸಣ್ಣ ಅಲಗು, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಆಯುಧವುಂಟು. ಸೊಪ್ಪು ಕಡಿಯುವ ಕತ್ತಿಯನ್ನು ಹಿಡಿದು ಅಡಿಕೆ ಸುಲಿಯಲು ಕುಳಿತವನನ್ನು ಕಂಡರೆ ಮನೆಯ ಹುಡುಗರೂ ನಗುವರು. ಆದರೆ ಅದೇ ಮನೆಯ ಯಜಮಾನರಿಗೆ 'ಶಸ್ತ್ರಕ್ರಿಯೆ ಆಗಬೇಕು' ಎಂದು ವೈದ್ಯರು ಹೇಳಿದೊಡನೆ ಈ ವಿವೇಚನೆಯೆಲ್ಲ ಮರೆತುಹೋಗುತ್ತದೆ. ಕತ್ತಿ ಎಂಬ ಒಂದೇ ಶಬ್ದವು ಮನಸ್ಸನ್ನೆಲ್ಲ ತುಂಬಿಕೊಳ್ಳುತ್ತದೆ. 'ಅಡಿಕೆಯ ಕೊಯ್ಲು ಮುಗಿಯಲಿ, ಮಳೆಗಾಲ ಕಳೆಯಲಿ' ಎಂದು ದಿನಗಳನ್ನು ಮುಂದೂಡುತ್ತಾರೆ.

ಈ ಮುಂದೂಡಿಕೆಯಿಂದ ಎಲ್ಲ ವ್ಯಾಧಿಗಳಲ್ಲಿಯೂ ಕೇಡುಂಟಾಗುವುದೆಂದು ನಾನು ಹೇಳಲಾರೆ. ಆದರೆ ಹರ್ನಿಯಾ ಎಂಬ ವ್ಯಾಧಿಯನ್ನೇ ತೆಗೆದುಕೊಳ್ಳಿರಿ. ಹೊಟ್ಟೆಯ ಗೋಡೆ ಸಡಿಲವಾದ ಎಡೆಯಲ್ಲಿ ಕರುಳಿನ ಭಾಗವು ಹೊರಕ್ಕೆ ನೂಕಿಕೊಂಡು ಬರುವುದೇ ಈ ವ್ಯಾಧಿ. ಭಾರ ಹೊರುವವರಲ್ಲಿ ಇದು ಹೆಚ್ಚಾಗಿ ತೋರುವುದುಂಟು. ಮಲಗಿದರೆ ಒಳಕ್ಕೆ ಸರಿಯುವ ಗಂಟು ಎಷ್ಟೋ ವರ್ಷ ಹಾಗೆಯೇ ಇದ್ದೀತು. ಒಂದು ದಿನ ಅದು ಒಳಕ್ಕೆ ಹೋಗದೆ, ಗಟ್ಟಿಯಾಗಿ, ನೋವು ವಾಂತಿಗಳು ಮೊದಲಾದರೆ, ಸಿಕ್ಕಿಕೊಂಡ ಕರುಳಿಗೆ ರಕ್ತ ಹರಿಯದೆ ಕೆಲವೇ ಗಂಟೆಗಳಲ್ಲಿ ಅದು ಕೊಳೆಯತೊಡಗಬಹುದು. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು ೬೦ ಕಿಲೋಮೀಟರು. ಘಟ್ಟದ ಬುಡದ ಹಳ್ಳಿಗಳಿಂದ ಇನ್ನೂ ಹೆಚ್ಚು. ಬಿಡುವಿನಲ್ಲಿ, ಹಗಲಿನಲ್ಲಿ, ಸಿದ್ಧತೆಯಿಂದ ಮಾಡಿಸಿಕೊಳ್ಳಬಹುದಾಗಿದ್ದ ಸಣ್ಣ ಕೆಲಸವು ಆಗ ನಡುರಾತ್ರಿಯ ದೊಡ್ಡ ಕೆಲಸವಾಗುವುದು. ಆ ಮೇಜಿನ ಮೇಲೆ ಏನೇನಿರುತ್ತದೆ, ಅದರಿಂದ ಏನು ಮಾಡುತ್ತಾರೆ ಎಂಬುದನ್ನು ತಿಳಿದರೆ ಭಯವು ಪೂರ್ತಿ ಹೋಗದಿದ್ದರೂ ತನ್ನ ಅಳತೆಗೆ ಬಂದೀತು. ಆದಕಾರಣವೇ ಈ ಭಾಷಣ.

ಮೊದಲು ಹೇಳಬೇಕಾದುದೇನೆಂದರೆ, ಶಸ್ತ್ರಕ್ರಿಯೆಯ ತಟ್ಟೆಯಲ್ಲಿ ಕತ್ತರಿಸುವ ಉಪಕರಣಗಳು ತೀರ ಕಡಮೆ. ಹಿಡಿಯುವುವು, ಸರಿಸುವುವು, ಹೊಲಿಯುವುವು ಹೆಚ್ಚು. ಈ ವಿಭಾಗವನ್ನು ನಮ್ಮ ಪ್ರಾಚೀನರೂ ಬಲ್ಲವರಾಗಿದ್ದರು. ಸುಶ್ರುತ ಸಂಹಿತೆಯಲ್ಲಿ ಕೊಯ್ಯುವ, ಚುಚ್ಚುವ, ಕೆರೆಯುವ ಉಪಕರಣಗಳಿಗೆ ಶಸ್ತ್ರಗಳೆಂದು ಹೆಸರು, ಅವು ೨೦. ಹಿಡಿಯುವ, ಎಳೆಯುವ, ಒಳಗನ್ನು ನೋಡುವ ಉಪಕರಣಗಳಿಗೆ ಯಂತ್ರಗಳೆಂದು ಹೆಸರು, ಅವು ೧೦೧. ಶಸ್ತ್ರ ಒಂದಕ್ಕೆ ಯಂತ್ರ ಐದು! ನೂರೊಂದನ್ನು ಎಣಿಸುವ ಆ ಗ್ರಂಥವೇ, ಕೈಯಿಲ್ಲದೆ ಯಾವ ಯಂತ್ರವೂ ನಡೆಯದಾದ್ದರಿಂದ ಕೈಯೇ ಪ್ರಧಾನ ಯಂತ್ರವೆಂದು ಸೇರಿಸುತ್ತದೆ. ಅಲಗು ಕೂದಲನ್ನು ಸೀಳುವಷ್ಟು ಹರಿತವಾಗಿರಬೇಕು. ಆ ಹರಿತವು ಕೆಡದಂತೆ ಬೂರುಗದ ಹಲಗೆಯನ್ನು ಉಪಯೋಗಿಸಬೇಕು ಎಂಬ ವಿಧಿಯೂ ಉಂಟು. ಶಿಷ್ಯನು ರೋಗಿಯ ಮೈಮುಟ್ಟುವುದಕ್ಕೆ ಮುಂಚೆ ಬೂದುಕುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ಯುವುದನ್ನೂ, ಬಟ್ಟೆಯ ಮೇಲೆ ಹೊಲಿಯುವುದನ್ನೂ ಅಭ್ಯಾಸ ಮಾಡಬೇಕು. ಮೂಡಬಿದಿರೆಯಲ್ಲಿ ಇಂದು ಆಯುರ್ವೇದದ ಕಾಲೇಜೊಂದು ನಡೆಯುತ್ತಿದ್ದು, ಶಲ್ಯತಂತ್ರವು ಅಲ್ಲಿನ ವಿದ್ಯಾರ್ಥಿಗಳಿಗೆ ಪಾಠವಾಗಿದೆ. ಆ ಊರಿನ ಸಂತೆಯಲ್ಲಿ ಸೌತೆಕಾಯಿಗೇನೂ ಬರವಿಲ್ಲ.

ಇನ್ನು ಅಲಗಿನ ವಿಷಯ. ಶಸ್ತ್ರವೈದ್ಯನ ಚಾಕುವನ್ನು ಸ್ಕಾಲ್ಪೆಲ್ ಎನ್ನುವರು. ಮುಂಚೆ ಇದು ಹಿಡಿ ಅಲಗುಗಳೆರಡೂ ಒಂದಾಗಿದ್ದ ಆಯುಧ. ಪ್ರತಿ ಶಸ್ತ್ರಕ್ರಿಯೆಯ ನಂತರ ಮಸೆಯಬೇಕಾಗಿತ್ತು. ೧೯೧೫ರಲ್ಲಿ ಅಮೆರಿಕದ ಮಾರ್ಗನ್ ಪಾರ್ಕರ್ ಎಂಬಾತನು, ಹಿಡಿಯನ್ನು ಉಳಿಸಿಕೊಂಡು ಅಲಗನ್ನು ಮಾತ್ರ ಕಳಚಿ ಬದಲಿಸುವ ಉಪಾಯವನ್ನು ಕಂಡುಹಿಡಿದನು. ಬಾರ್ಡ್-ಪಾರ್ಕರ್ ಎಂಬ ಹೆಸರಿನ ಆ ಹಿಡಿಯೇ ಇಂದಿಗೂ ಬಳಕೆಯಲ್ಲಿದೆ. ಹಿಡಿಗೂ ಅಲಗಿಗೂ ಸಂಖ್ಯೆಗಳುಂಟು. ೩ನೆಯ ಹಿಡಿಗೆ ೧೦, ೧೧, ೧೫ ಮೊದಲಾದ ಸಣ್ಣ ಅಲಗುಗಳು. ೪ನೆಯ ಹಿಡಿಗೆ ೨೦ರಿಂದ ಮೇಲಣ ದೊಡ್ಡವು. ಹೊಟ್ಟೆ ಉಬ್ಬಿದ ೧೦ನೆಯದು ಚರ್ಮವನ್ನು ಉದ್ದಕ್ಕೆ ಕೊಯ್ಯುವುದಕ್ಕೆ, ಚೂಪುತುದಿಯ ೧೧ನೆಯದು ಕೀವು ತುಂಬಿದ ಕುರುವನ್ನು ಒಡೆಯುವುದಕ್ಕೆ, ಚಿಕ್ಕದಾದ ೧೫ನೆಯದು ಮುಖ ಬೆರಳುಗಳಂತಹ ನಾಜೂಕು ಸ್ಥಳಗಳಿಗೆ. ಉದ್ದ ಕೊಯ್ತಕ್ಕೆ ಚಾಕುವನ್ನು ಪಿಟೀಲಿನ ಕಮಾನಿನಂತೆ ಮೇಲಿನಿಂದ ಹಿಡಿಯುವರು. ನಾಜೂಕು ಕೆಲಸಕ್ಕೆ ಲೇಖನಿಯಂತೆ ಹಿಡಿದು, ಕಿರುಬೆರಳನ್ನು ರೋಗಿಯ ಮೈಮೇಲೆ ಊರುವರು. ತಾಳೆಗರಿಯ ಮೇಲೆ ಕಂಟದಿಂದ ಬರೆಯುತ್ತಿದ್ದವರಿಗೆ ಈ ಕೌಶಲವನ್ನು ವಿವರಿಸಬೇಕಾಗಿರಲಿಲ್ಲ; ಗರಿಯು ತೂತಾಗದಂತೆ, ಗೆರೆಯು ಮಾತ್ರ ಮೂಡುವಂತೆ ಅದುಮುವ ಹದ ಅವರಿಗೆ ತಿಳಿದಿತ್ತು. ಹೊಟ್ಟೆಯ ಗೋಡೆಯಲ್ಲಿ ಪದರದ ಕೆಳಗೆ ಪದರವಿದೆ. ಚಾಕುವು ಒಂದೊಂದಾಗಿ ಅವನ್ನು ಬಿಡಿಸಬೇಕೇ ಹೊರತು ಒಮ್ಮೆಗೇ ಎಲ್ಲವನ್ನೂ ಸೀಳತಕ್ಕದ್ದಲ್ಲ.

ಒಳ್ಳೆಯ ಅಲಗೊಂದೇ ಇದ್ದರೂ ನಿಪುಣನಾದವನು ಏನು ಮಾಡಬಲ್ಲನೆಂಬುದಕ್ಕೆ ಮೈಸೂರಿನ ಚರಿತ್ರೆಗೆ ಸಂಬಂಧಿಸಿದ ಒಂದು ಪ್ರಸಂಗವುಂಟು. ೧೭೯೨ರ ಯುದ್ಧದಲ್ಲಿ ಆಂಗ್ಲರ ಸೈನ್ಯದ ಎತ್ತು ಹೊಡೆಯುತ್ತಿದ್ದ ಕೋವಾಸ್ಜಿ ಎಂಬುವನು ಟಿಪ್ಪು ಸುಲ್ತಾನನ ಕಡೆಯವರ ಕೈಗೆ ಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟನು. ಮೇಣದ ತೆಳುತಗಡನ್ನು ಮೂಗಿನ ಆಕಾರಕ್ಕೆ ಒತ್ತಿ, ಅದನ್ನು ಬಿಡಿಸಿ ಹಣೆಯ ಮೇಲಿಟ್ಟು ಗೆರೆ ಎಳೆದು, ಅಷ್ಟೇ ಚರ್ಮವನ್ನು ಎಬ್ಬಿಸಿ, ಹುಬ್ಬುಗಳ ನಡುವೆ ಸಣ್ಣ ತೊಟ್ಟೊಂದನ್ನು ಉಳಿಸಿ, ಕೆಳಕ್ಕೆ ತಿರುಗಿಸಿ ಕೂರಿಸಿದನು. ಹೊಲಿಗೆಯಿಲ್ಲ. ಕಾಚನ್ನು ನೀರಿನಲ್ಲಿ ಮೆತ್ತಗೆ ಮಾಡಿ ಬಟ್ಟೆಗೆ ಹಚ್ಚಿ ಅಂಟಿಸಿದನು; ಎಲೆಯಡಿಕೆಯೊಡನೆ ಮೆಲ್ಲುವ ಅದೇ ಕಾಚು. ಸುಮಾರು ೨೫ನೆಯ ದಿನ ತೊಟ್ಟನ್ನು ಕತ್ತರಿಸಿದನು. ಈ ವೃತ್ತಾಂತವು ೧೭೯೪ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಸಹಿತ ಅಚ್ಚಾಯಿತು. ಅದನ್ನು ಅನುಸರಿಸಿ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ೧೮೧೪ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಕ್ರಿಯೆಯನ್ನು ನಡೆಯಿಸಿದನು. ಆ ಇಟ್ಟಿಗೆಯವನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಆದರೆ ಚರ್ಮದ ಕೆಲಸ ಬೇರೆ, ಒಡಲಿನೊಳಗಿನ ಕೆಲಸ ಬೇರೆ. ಒಳಗೆ ಕೈಯಿಡಹೊರಟ ಶಸ್ತ್ರವೈದ್ಯನಿಗೆ ಮೊದಲ ಶತ್ರು ರಕ್ತಸ್ರಾವ. ಇದನ್ನು ತಡೆಯುವ ಉಪಕರಣವನ್ನು ನನ್ನನ್ನು ಕೇಳಿದರೆ ತಟ್ಟೆಯಲ್ಲಿನ ಅತಿ ಮುಖ್ಯ ಉಪಕರಣವೆನ್ನುವೆನು. ಚಾಕುವಿಗೂ ಆ ಸ್ಥಾನವನ್ನು ಕೊಡೆನು. ಇದಕ್ಕೆ ಆರ್ಟರಿ ಫಾರ್ಸೆಪ್ಸ್ ಎಂದು ಹೆಸರು. ನಾವು ರಕ್ತನಾಳದ ಚಿಮಟವೆನ್ನೋಣ. ನೋಡುವುದಕ್ಕೆ ಕತ್ತರಿಯಂತೆಯೇ ಇರುತ್ತದೆ: ಬೆರಳು ತೂರಿಸಲು ಎರಡು ಬಳೆಗಳು, ನಡುವೆ ಕೀಲು, ಮುಂದೆ ಎರಡು ದವಡೆಗಳು. ದವಡೆಗಳಲ್ಲಿ ಹರಿತವಿಲ್ಲ, ಅಡ್ಡಗೀರುಗಳಿವೆ. ಬಳೆಗಳ ಬಳಿ ಗರಗಸದಂತಹ ಸಣ್ಣ ಹಲ್ಲುಗಳು ಒಂದರೊಳಗೊಂದು ಕೂತುಕೊಳ್ಳುತ್ತವೆ. ರಕ್ತ ಚಿಮ್ಮುವ ನಾಳದ ತುದಿಯನ್ನು ಹಿಡಿದು ಒಮ್ಮೆ ಅದುಮಿದರೆ ಟಿಕ್ಕೆಂದು ಸಿಕ್ಕಿಕೊಂಡು, ಕೈಬಿಟ್ಟರೂ ಹಿಡಿತ ಬಿಡದು. ಈ 'ಕೈಬಿಟ್ಟರೂ ಬಿಡದ' ಗುಣವೇ ಶಸ್ತ್ರವಿದ್ಯೆಯ ದಾರಿಯನ್ನು ಬದಲಿಸಿತು. ಹಿಂದೆ ನಾಳವನ್ನು ಬೆರಳಿನಿಂದ ಒತ್ತಿ ಹಿಡಿಯುವುದಕ್ಕೇ ಒಬ್ಬೊಬ್ಬ ಸಹಾಯಕ ಬೇಕು, ಅಥವಾ ಕಾದ ಕಬ್ಬಿಣದಿಂದ ಸುಡಬೇಕು. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಆಂಬ್ರೋಯಿಸ್ ಪಾರೇ ಸುಡುವುದನ್ನು ಬಿಟ್ಟು, ಕಾಗೆಯ ಕೊಕ್ಕೆಂಬ ಚಿಮಟದಿಂದ ನಾಳವನ್ನು ಎಳೆದು ದಾರ ಕಟ್ಟತೊಡಗಿದನು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಪೇಯಾನ್, ಇಂಗ್ಲೆಂಡಿನ ಸ್ಪೆನ್ಸರ್ ವೆಲ್ಸ್ ಇವರು ತಾನಾಗಿ ಬೀಗ ಬೀಳುವ ಚಿಮಟವನ್ನು ರೂಢಿಗೆ ತಂದರು. ಸ್ವಿಟ್ಜರ್ಲೆಂಡಿನ ಕೋಖರ್ ಅದರ ತುದಿಗೆ ಹಲ್ಲುಗಳನ್ನು ಕೊಟ್ಟನು; ೧೯೦೯ರ ನೊಬೆಲ್ ಬಹುಮಾನವನ್ನು ಪಡೆದವನು ಈತನೇ. ಅಮೆರಿಕದ ಹಾಲ್ಸ್ಟೆಡ್ ಕಿರಿದಾದುದನ್ನು ಮಾಡಿಸಿದನು. ಅದನ್ನು ವೈದ್ಯರು ಸೊಳ್ಳೆಯೆಂದೇ ಕರೆಯುವರು.

ಪಾರೇಯ ಕಾಗೆಯ ಕೊಕ್ಕನ್ನು ಕೇಳಿದಾಗ ಸುಶ್ರುತನ ಕಂಕಮುಖವು ನೆನಪಿಗೆ ಬಾರದಿರದು. ಕಂಕವೆಂದರೆ ಕೊಕ್ಕರೆಯ ಜಾತಿಯ ಹಕ್ಕಿ. ನಡುವೆ ಚನ್ನಂಗಿಬೇಳೆಯಂತಹ ಕೀಲಿನಿಂದ ಬಿಗಿದ, ಹದಿನೆಂಟು ಅಂಗುಲದ ಸ್ವಸ್ತಿಕ ಯಂತ್ರಗಳು ೨೪ ಬಗೆ. ಸಿಂಹ, ಹುಲಿ, ಕಾಗೆ ಮೊದಲಾದ ಪ್ರಾಣಿಗಳ ಮುಖ ಅವುಗಳಿಗೆ. ಎಲ್ಲಕ್ಕಿಂತ ಕಂಕಮುಖವೇ ಶ್ರೇಷ್ಠವೆಂದು ಸಂಹಿತೆಯ ತೀರ್ಪು. ಏಕೆಂದರೆ ಅದು ಸುಲಭವಾಗಿ ಒಳಹೋಗುತ್ತದೆ, ಒಳಗೆ ತಿರುಗುತ್ತದೆ, ಹಿಡಿದುದರೊಡನೆ ಸುಲಭವಾಗಿ ಹೊರಬರುತ್ತದೆ. ಗದ್ದೆಯ ಕೆಸರಿನಲ್ಲಿ ಮೀನು ಹಿಡಿಯುವ ಕೊಕ್ಕರೆಯನ್ನು ನೋಡಿದವರಿಗೆ ಇದಕ್ಕೆ ವ್ಯಾಖ್ಯಾನ ಬೇಡ.

ಚಿಮಟಗಳ ವಂಶ ದೊಡ್ಡದು. ಅದನ್ನೆಲ್ಲ ಹೇಳಹೊರಟರೆ ಇಂದಿನ ಕಾಲಾವಕಾಶ ಸಾಲದು. ಒಂದು ನಿಯಮವನ್ನು ಮಾತ್ರ ಹೇಳುವೆನು. ಹಲ್ಲುಳ್ಳ ಚಿಮಟವು ಚರ್ಮಕ್ಕೆ, ಗಟ್ಟಿ ಪೊರೆಗೆ. ಹಲ್ಲಿಲ್ಲದ್ದು ಕರುಳಿಗೆ, ನಾಳಕ್ಕೆ. ಚರ್ಮವನ್ನು ನುಣುಪು ಚಿಮಟದಿಂದ ಹಿಡಿಯಹೋದರೆ ಜಾರದಿರಲೆಂದು ಬಲವಾಗಿ ಅದುಮಬೇಕಾಗಿ, ಅದು ಜಜ್ಜಿಹೋಗುತ್ತದೆ. ಕರುಳಿಗೆ ಹಲ್ಲು ತಾಗಿದರೆ ತೂತು ಬಿದ್ದೀತು. ಕರುಳನ್ನೋ ಅಪೆಂಡಿಕ್ಸನ್ನೋ ಎತ್ತಿ ಹಿಡಿಯಲು ಬ್ಯಾಬ್‌ಕಾಕ್ ಎಂಬ ಚಿಮಟವುಂಟು. ಅದರ ದವಡೆಯ ನಡುವೆ ಕಿಟಕಿಯಂತೆ ತೆರಪಿರುವುದರಿಂದ, ಬಳೆ ತೊಡಿಸುವ ಕೈ ಮಗುವಿನ ಮುಂಗೈಯನ್ನು ಹಿಡಿದಂತೆ, ಬಳಸಿ ಹಿಡಿಯುವುದೇ ಹೊರತು ಹಿಸುಕುವುದಿಲ್ಲ.

ಈಗ ಮೊದಲು ಹೇಳಿದ ಹರ್ನಿಯಾ ರೋಗಿಯನ್ನು ಮೇಜಿನ ಮೇಲೆ ಮಲಗಿಸೋಣ. ಅರಿವಳಿಕೆಯ ವೈದ್ಯರು ಬೆನ್ನಿನಲ್ಲಿ ಚುಚ್ಚಿ ಸೊಂಟದ ಕೆಳಗಣ ಭಾಗವನ್ನು ಜೋಮು ಹಿಡಿಸಿದ್ದಾರೆ. ಉದ್ದನೆಯ ಹಿಡಿಯ, ತುದಿಯಲ್ಲಿ ಉಂಗುರಗಳುಳ್ಳ ಚಿಮಟವೊಂದು ಅರಿವೆಯ ಉಂಡೆಯನ್ನು ಕಚ್ಚಿ ಅಯೋಡಿನ್ ದ್ರಾವಣದಿಂದ ಚರ್ಮವನ್ನು ಒರೆಸುತ್ತದೆ. ನಡುವಿನಿಂದ ಹೊರಕ್ಕೆ, ಹೊರಗಿನಿಂದ ನಡುವಿಗೆ ಎಂದೂ ಅಲ್ಲ. ಸುತ್ತಲೂ ಹೊದಿಸಿದ ಶುದ್ಧವಾದ ಬಟ್ಟೆಗಳು ಜಾರದಂತೆ ಏಡಿಯ ಕೊಂಬಿನಂತಹ ಸಣ್ಣ ಕೊಂಡಿಗಳು ಹಿಡಿಯುತ್ತವೆ. ಚಾಕುವಿನ ಕೆಲಸ ಒಂದೆರಡು ನಿಮಿಷ. ಅಲ್ಲಿಂದ ಮುಂದೆ ಚಿಮಟ, ಕತ್ತರಿಗಳ ಸರದಿ. ದಪ್ಪನೆಯ ಮೇಯೋ ಕತ್ತರಿ ಗಟ್ಟಿ ಪೊರೆಗೆ, ತೆಳುತುದಿಯ ಮೆಟ್ಜೆನ್‌ಬಾಮ್ ನಾಜೂಕು ಪದರಕ್ಕೆ. ಈ ಎರಡನೆಯದರಿಂದ ದಾರ ಕತ್ತರಿಸಿದರೆ ದಾದಿಯು ಸಿಟ್ಟಾಗುವಳು. ಅವಳ ಸಿಟ್ಟು ನ್ಯಾಯವೇ, ಹರಿತ ಕೆಡುತ್ತದೆ. ಸಹಾಯಕನು ರಿಟ್ರಾಕ್ಟರ್ ಎಂಬ ಕೊಕ್ಕೆಯಿಂದ ಗಾಯದ ಅಂಚುಗಳನ್ನು ಎಳೆದು ಹಿಡಿದಿರುತ್ತಾನೆ. ಕಾಣದ್ದನ್ನು ಕೊಯ್ಯಬಾರದೆಂಬುದು ಈ ವಿದ್ಯೆಯ ಮೊದಲ ಪಾಠವಾದ್ದರಿಂದ, ಕಾಣಿಸುವಂತೆ ಮಾಡುವ ಈ ಕೊಕ್ಕೆಯನ್ನು ಕೀಳೆಂದು ಎಣಿಸಲಾಗದು. ಗಂಟೆಗಟ್ಟಲೆ ಹಿಡಿದು ತೋಳು ಸೋತ ಎಳೆಯ ವೈದ್ಯರಿಗೆ ಮಾತ್ರ ಅದರ ಮೇಲೆ ಅಷ್ಟಾಗಿ ಪ್ರೀತಿಯಿಲ್ಲ. ಹೊರಬಂದ ಕರುಳನ್ನು ಒಳಸೇರಿಸಿ, ಸಡಿಲವಾದೆಡೆಗೆ ಪಾಲಿಪ್ರೊಪಿಲೀನಿನ ಬಲೆಯನ್ನು ಹೊದಿಸಿ ಹೊಲಿಯುವರು. ಮೀನುಬಲೆಯಂತೆಯೇ ಕಣ್ಣುಗಳುಳ್ಳ ಆ ಬಲೆಯೊಳಕ್ಕೆ ಮೈಯ ಮಾಂಸವು ತಾನಾಗಿ ಹೆಣೆದುಕೊಂಡು ಬೆಳೆಯುವುದು.

ಹೊಲಿಯುವ ಸೂಜಿಯು ಬಾಗಿದ್ದು. ಕೈಯಿಂದ ಹಿಡಿಯುವುದಲ್ಲ, ಗಿಡ್ಡ ದವಡೆಯ ಚಿಮಟದಿಂದ ಹಿಡಿದು ಮಣಿಕಟ್ಟನ್ನು ತಿರುಗಿಸುವುದು. ಕೆಲವು ಸೂಜಿಚಿಮಟಗಳ ಬಳೆಗಳು ಹೊಂಬಣ್ಣದವು. ಅದು ವೈಭವಕ್ಕಲ್ಲ, ದವಡೆಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಅತಿ ಕಠಿನವಾದ ವಸ್ತುವಿದೆಯೆಂಬುದಕ್ಕೆ ಗುರುತು. ಒಳಗಿನ ದಾರವು ಹಿಂದೆ ದನ ಕುರಿಗಳ ಕರುಳಿನಿಂದ ಮಾಡಿದ ಕ್ಯಾಟ್‌ಗಟ್. ಹೆಸರಿಗೆ ಬೆಕ್ಕು, ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಈಗ ಬಹುಮಟ್ಟಿಗೆ ಕೃತಕ ದಾರಗಳು. ಕೆಲವು ವಾರಗಳಲ್ಲಿ ಕರಗುವುವು ಕೆಲವು, ಎಂದೂ ಕರಗದವು ಕೆಲವು. ಚರ್ಮದ ಹೊಲಿಗೆಯನ್ನು ಬಿಚ್ಚಿಸಲು ಕರೆದ ದಿನ ಹೋಗದೆ, ಮನೆಯಲ್ಲಿಯೇ ಬ್ಲೇಡಿನಿಂದ ಬಿಚ್ಚುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿರಿ.

ಇವುಗಳೊಡನೆ ವಿದ್ಯುತ್ತಿನ ಉಪಕರಣವೂ ಉಂಟು. ೧೯೨೬ರಲ್ಲಿ ಬೋವಿ ಎಂಬ ವಿಜ್ಞಾನಿಯು ಮಾಡಿದ ಯಂತ್ರವನ್ನು ಮೆದುಳಿನ ಶಸ್ತ್ರವೈದ್ಯ ಕುಷಿಂಗ್ ಬಳಕೆಗೆ ತಂದನು. ಪೆನ್ನಿನಂತಹ ತುದಿಯಿಂದ ಸಣ್ಣ ನಾಳಗಳನ್ನು ಸುಟ್ಟು ಮುಚ್ಚುವುದು ಅದರ ಕೆಲಸ. ಪಾರೇ ಬಿಡಿಸಿದ ಸುಡುವಿಕೆ ನಾಲ್ಕು ಶತಮಾನಗಳ ಅನಂತರ ಹೀಗೆ ಸುಸಂಸ್ಕೃತವಾಗಿ ಹಿಂದಿರುಗಿತು. ಹೊಟ್ಟೆಯಲ್ಲಿ ಬೆರಳಗಲದ ಕಿಂಡಿಗಳನ್ನು ಮಾಡಿ, ಒಂದರಲ್ಲಿ ದೀಪ ಮಸೂರಗಳ ನಳಿಗೆ, ಉಳಿದುವುಗಳಲ್ಲಿ ಉದ್ದನೆಯ ಚಿಮಟ ಕತ್ತರಿಗಳನ್ನು ತೂರಿಸಿ, ಪರದೆಯನ್ನು ನೋಡಿಕೊಂಡು ಮಾಡುವ ಕ್ರಮವೂ ಈಗ ರೂಢಿಯಲ್ಲಿದೆ.

ಉಪಕರಣವು ಎಷ್ಟೇ ಚೆನ್ನಾಗಿದ್ದರೂ ಶುದ್ಧವಾಗಿಲ್ಲದಿದ್ದರೆ ಅದು ವಿಷವೇ. ಗ್ಲಾಸ್ಗೋ ನಗರದಲ್ಲಿ ಲಿಸ್ಟರ್ ೧೮೬೫ರಲ್ಲಿ ಕಾರ್ಬಾಲಿಕ್ ಆಮ್ಲದಿಂದ ಗಾಯವನ್ನು ಕಾಪಾಡಬಹುದೆಂದು ತೋರಿಸುವುದಕ್ಕೆ ಮುಂಚೆ, ಶಸ್ತ್ರಕ್ರಿಯೆಯಲ್ಲಿ ಬದುಕಿದವರು ಅನಂತರದ ಕೀವಿನಿಂದ ಸಾಯುತ್ತಿದ್ದರು. ಆಗಿನ ಚಾಕುಗಳ ಹಿಡಿಗಳು ದಂತದವು, ಮರದವು. ನೋಡಲು ಅಂದ, ತೊಳೆಯಲು ಅಸಾಧ್ಯ. ೧೮೭೯ರಲ್ಲಿ ಫ್ರಾನ್ಸಿನ ಶಾಂಬರ್ಲಾಂಡ್ ಆವಿಯ ಒತ್ತಡದ ಪಾತ್ರೆಯನ್ನು ಮಾಡಿದನು. ಬರಿಯ ಕುದಿನೀರಿಗೆ ಜಗ್ಗದ ಸೂಕ್ಷ್ಮಬೀಜಗಳೂ ೧೨೧ ಡಿಗ್ರಿಯ ಆವಿಯಲ್ಲಿ, ಚದರ ಅಂಗುಲಕ್ಕೆ ೧೫ ಪೌಂಡು ಒತ್ತಡದಲ್ಲಿ, ಸುಮಾರು ಕಾಲುಗಂಟೆ ಇದ್ದರೆ ನಾಶವಾಗುತ್ತವೆ. ನಿಮ್ಮ ಅಡಿಗೆಮನೆಯ ಕುಕ್ಕರಿನದೂ ಇದೇ ತತ್ತ್ವ. ಈ ಆವಿಗೆ ದಂತವು ಸೀಳಿಹೋಯಿತು, ಮರವು ಉಬ್ಬಿತು, ಉಪಕರಣಗಳೆಲ್ಲ ಲೋಹವಾದುವು. ಆದರೆ ಉಕ್ಕಿಗೆ ತುಕ್ಕು. ಆಟಿ ತಿಂಗಳ ಮಳೆಯಲ್ಲಿ ಅಟ್ಟದ ಮೇಲಿಟ್ಟ ಕತ್ತಿಯ ಗತಿಯೇನಾಗುವುದೆಂದು ಕರಾವಳಿಯವರಿಗೆ ಹೇಳಬೇಕಾದುದಿಲ್ಲ. ೧೯೧೩ರಲ್ಲಿ ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ, ನೂರಕ್ಕೆ ಸುಮಾರು ೧೩ ಭಾಗ ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕನ್ನು ತೆಗೆದನು. ಇಂದಿನ ಚಿಮಟ ಕತ್ತರಿಗಳು ಆ ಜಾತಿಯ ಉಕ್ಕಿನವು.

ಕೈಚೀಲದ ಕಥೆ ಇನ್ನೂ ಸ್ವಾರಸ್ಯವಾದುದು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ, ಸೊಳ್ಳೆಚಿಮಟದ ಹಾಲ್ಸ್ಟೆಡ್‌ನ ಬಳಿ ಕೆರೊಲಿನ್ ಹ್ಯಾಂಪ್ಟನ್ ಎಂಬ ದಾದಿಯಿದ್ದಳು. ಕ್ರಿಮಿನಾಶಕ್ಕೆ ಬಳಸುತ್ತಿದ್ದ ಪಾದರಸದ ದ್ರಾವಣದಿಂದ ಅವಳ ಕೈಯ ಚರ್ಮ ಸುಲಿಯಿತು. ಗೇರುಬೀಜದ ಸೊನೆಯಿಂದ ಕೈ ಸುಟ್ಟುಕೊಂಡವರಿಗೆ ಆ ಬಾಧೆಯು ತಿಳಿದೀತು. ಹಾಲ್ಸ್ಟೆಡ್ ಗುಡ್‌ಇಯರ್ ರಬ್ಬರು ಕಂಪೆನಿಯಿಂದ ೧೮೯೦ರ ಸುಮಾರಿಗೆ ತೆಳ್ಳನೆಯ ಕೈಚೀಲಗಳನ್ನು ಮಾಡಿಸಿಕೊಟ್ಟನು. ಅನಂತರ ಅವಳನ್ನೇ ಮದುವೆಯಾದನು. ದಾದಿಯ ಕೈಯನ್ನು ಕಾಪಾಡಲು ಬಂದ ವಸ್ತುವು ರೋಗಿಯನ್ನು ಕಾಪಾಡುವುದೆಂದು ತಿಳಿದುದು ಆಮೇಲೆ. ಬೆಳ್ತಂಗಡಿಯ ಗುಡ್ಡಗಳಲ್ಲಿ ಬೆಳಗಿನ ಜಾವ ಚಿಪ್ಪಿಗೆ ತೊಟ್ಟಿಕ್ಕುವ ಹಾಲಿನ ಜಾತಿಯೇ ಆ ಕೈಚೀಲದ ಮೂಲದ್ರವ್ಯ.

ಕೊನೆಯದಾಗಿ ಎಣಿಕೆಯ ವಿಷಯ. ಹೊಟ್ಟೆಯೊಳಗೆ ಕತ್ತರಿ ಬಿಟ್ಟರೆಂಬ ಸುದ್ದಿಯನ್ನು ಜನರು ಬಾಯಿಂದ ಬಾಯಿಗೆ ಹಬ್ಬಿಸುವುದುಂಟು. ಇದು ಬರಿಯ ಕಟ್ಟುಕಥೆಯೆಂದು ನಾನು ಹೇಳುವುದಿಲ್ಲ. ಪ್ರಪಂಚದ ಎಲ್ಲ ದೇಶಗಳಲ್ಲಿಯೂ ವಿರಳವಾಗಿ ಆಗುವುದುಂಟು. ಕತ್ತರಿಗಿಂತ ಹೆಚ್ಚಾಗಿ ಮರೆತುಳಿಯುವುದು ರಕ್ತದಲ್ಲಿ ನೆನೆದು ಮಾಂಸದ ಬಣ್ಣವನ್ನೇ ತಳೆಯುವ ಅರಿವೆ. ಆದ್ದರಿಂದಲೇ ಅದರೊಳಗೆ ಎಕ್ಸ್-ಕಿರಣದಲ್ಲಿ ಕಾಣುವ ಎಳೆಯೊಂದನ್ನು ನೇಯ್ದಿರುತ್ತಾರೆ. ಆತುರದ ಹೆರಿಗೆ ಶಸ್ತ್ರಕ್ರಿಯೆಯಲ್ಲಿ, ರಾತ್ರಿಯ ದಣಿವಿನಲ್ಲಿ, ರಕ್ತಸ್ರಾವ ಹೆಚ್ಚಿದಾಗ ಅಪಾಯ ಹೆಚ್ಚು. ಇದಕ್ಕೆ ಮದ್ದು ಯಾವ ಹೊಸ ಯಂತ್ರವೂ ಅಲ್ಲ, ಗಟ್ಟಿಯಾಗಿ ಎಣಿಸುವುದು. ಕೊಯ್ಯುವ ಮುನ್ನ ಒಮ್ಮೆ, ಒಡಲನ್ನು ಮುಚ್ಚುವ ಮುನ್ನ ಒಮ್ಮೆ, ಚರ್ಮವನ್ನು ಹೊಲಿಯುವಾಗ ಮತ್ತೊಮ್ಮೆ, ಇಬ್ಬರು ಕೂಡಿ, ಬಾಯಿಬಿಟ್ಟು ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯು ೨೦೦೮ರಲ್ಲಿ ಹೊರಡಿಸಿದ ಒಂದು ಪುಟದ ಪಟ್ಟಿಯಲ್ಲಿ ರೋಗಿಯ ಹೆಸರು, ಕೊಯ್ಯಬೇಕಾದ ಎಡೆ, ಉಪಕರಣಗಳ ಎಣಿಕೆ ಮೊದಲಾದುವನ್ನು ಗಟ್ಟಿಯಾಗಿ ಕೇಳಿ ಹೇಳುವ ನಿಯಮವಿದೆ. ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ಅದನ್ನು ಪರೀಕ್ಷಿಸಿದಾಗ, ಶಸ್ತ್ರಕ್ರಿಯೆಯ ಅನಂತರದ ಮರಣಗಳು ನೂರಕ್ಕೆ ೧.೫ರಿಂದ ೦.೮ಕ್ಕೆ ಇಳಿದುವೆಂದು ೨೦೦೯ರಲ್ಲಿ ಪ್ರಕಟವಾಯಿತು. ಖರ್ಚು ಒಂದು ಹಾಳೆ ಕಾಗದ! ದೊಡ್ಡ ಪಟ್ಟಣದ ಆಸ್ಪತ್ರೆಯಲ್ಲಿ ಹೇಗೋ, ಬಂಟ್ವಾಳ ಬೆಳ್ತಂಗಡಿಗಳ ತಾಲೂಕು ಆಸ್ಪತ್ರೆಯಲ್ಲಿಯೂ ಹಾಗೆಯೇ ಇದನ್ನು ನಡೆಯಿಸಬಹುದು. ನಿಮ್ಮನ್ನು ಮೇಜಿನ ಮೇಲೆ ಮಲಗಿಸಿ, ಗೊತ್ತಿರುವ ಹೆಸರನ್ನೇ, ಗೊತ್ತಿರುವ ವ್ಯಾಧಿಯನ್ನೇ ಮತ್ತೆ ಮತ್ತೆ ಕೇಳಿದರೆ ಬೇಸರಪಡಬೇಡಿರಿ. ಇವರಿಗೆ ನಾನಾರೆಂದೇ ತಿಳಿಯದೆಂದು ಗಾಬರಿಯಾಗಲೂ ಬೇಡಿರಿ.

ಎಣಿಕೆ ಸರಿಯೆಂದು ದಾದಿಯು ಹೇಳಿದ ಮೇಲೆಯೇ ಕೊನೆಯ ಹೊಲಿಗೆ. ರೋಗಿಯನ್ನು ಹೊರಕ್ಕೆ ಒಯ್ದ ಬಳಿಕ ತಟ್ಟೆಯು ತೊಳೆಯುವ ಕೋಣೆಗೆ ಹೋಗುತ್ತದೆ. ಚಿಮಟಗಳ ಕೀಲುಗಳನ್ನು ಬಿಡಿಸಿ, ಅಡ್ಡಗೀರುಗಳ ನಡುವೆ ಸಣ್ಣ ಕುಂಚದಿಂದ ಉಜ್ಜಿ, ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ, ಮೇಲೆ ಒಂದು ಪಟ್ಟಿಯನ್ನು ಅಂಟಿಸುತ್ತಾರೆ. ಆವಿಯ ಪಾತ್ರೆಯೊಳಗೆ ಕಾವು ತಾಗಿದಾಗ ಆ ಪಟ್ಟಿಯ ಮಾಸಲು ಗೆರೆಗಳು ಕಪ್ಪಾಗುತ್ತವೆ. ಗೆರೆ ಕಪ್ಪಾಗದ ಗಂಟನ್ನು ಯಾರೂ ಬಿಚ್ಚತಕ್ಕದ್ದಲ್ಲ.